ಮೀನು ಮೇಷ್ಟ್ರ ಅಂಚೆ: ಪಂಜರದ ಹೊರಗಿನ ಮೀನುಗಳು

ಮೊದಲು ಒಂದು ತಪ್ಪೊಪ್ಪಿಗೆ. ಎರಡು ಸಂಚಿಕೆ ಹಿಂದೆ ಇದೇ ಪುಟದಲ್ಲಿ, ಸಮುದ್ರದಲ್ಲಿ ಬಲೆಯ ಪಂಜರ ಇಳಿಸಿ ಮೀನು ಸಾಕುವುದರ ಬಗ್ಗೆ ಬರೆದಿದ್ದೆ. ಕೊನೆಗೆ ಅವಸರದಲ್ಲಿ ಒಂದು ಸಾಲು ಸೇರಿಸಿದೆ: ‘ಪಂಜರದ ಸುತ್ತ ಓಡಾಡುವ ಮೀನುಗಳು ಬಲೆಯಿಂದ ತಪ್ಪಿಸಿಕೊಂಡವು.’ ಆ ಸಾಲು ತಪ್ಪು. ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ಹಾಗೆ ಬರೆಯಬಾರದಿತ್ತು. ಹನ್ನೊಂದು ಪತ್ರ ಬಂದಿವೆ. ಅದರಲ್ಲಿ ಒಂದು ನನ್ನ ಹಳೇ ವಿದ್ಯಾರ್ಥಿಯದು. ಕೆಂಪು ಶಾಯಿಯಲ್ಲಿ ಆ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ದೊಡ್ಡ ಸೊನ್ನೆ ಹಾಕಿ ಕಳಿಸಿದ್ದಾನೆ. ಹಳೇ ಬಾಕಿ ತೀರಿಸಿಕೊಂಡ ಅನ್ನಿಸುತ್ತದೆ. ಹಾಗಾಗಿ ಈ ಸಲದ ಪುಟವೆಲ್ಲ ಪಂಜರದ ಹೊರಗಿನ ಮೀನುಗಳಿಗೇ.

ಹೋದ ಡಿಸೆಂಬರ್‌ನಲ್ಲಿ ಕಾರವಾರಕ್ಕೆ ಹೋಗಿದ್ದಾಗ ದೋಣಿಯಲ್ಲಿ ಪಂಜರದ ಹತ್ತಿರ ಹೋಗಿದ್ದೆವು. ಒಳಗಿರುವುದು ಸೀಬಾಸ್ ಅಂದರು. ಹೊರಗೆ ಇದ್ದವು ಬೇರೆಯೇ ಮೀನು. ಬೆರಳುದ್ದದವು, ಸಾವಿರಗಟ್ಟಲೆ. ತಪ್ಪಿಸಿಕೊಂಡು ಹೊರಗೆ ಬಂದರೆ ಮೀನಿನ ಜಾತಿಯೇ ಬದಲಾಗುತ್ತದೆಯೇ ಮೇಷ್ಟ್ರೇ?
*ಬ್ಯಾಂಕ್ ನೌಕರರೊಬ್ಬರು, ವಿದ್ಯಾನಗರ, ದಾವಣಗೆರೆ*

ಬದಲಾಗುವುದಿಲ್ಲ ಸ್ವಾಮಿ. ನೀವು ನೋಡಿದ್ದು ಸರಿ. ಬಲೆ ಹರಿದು ಸಾಕಿದ ಮೀನು ಹೊರಗೆ ಹೋಗುವುದು ಉಂಟು. ಆದರೆ ಪಂಜರದ ಸುತ್ತ ದಿನಾಲೂ ಕಾಣುವ ಗುಂಪು ಬಹುಪಾಲು ಕಾಡು ಮೀನು. ಯಾರೂ ಸಾಕದೆ ಸಮುದ್ರದಲ್ಲೇ ಹುಟ್ಟಿ ಬೆಳೆದು, ಎಲ್ಲಿಂದಲೋ ಬಂದು ಅಲ್ಲಿ ಠಿಕಾಣಿ ಹೂಡಿದವು.

ನನ್ನ ಮಗಳನ್ನು ಕಾರವಾರಕ್ಕೆ ಕೊಟ್ಟಿದ್ದೇವೆ. ಅಲ್ಲಿಗೆ ಹೋದಾಗ ನಾನೂ ಒಮ್ಮೆ ದೋಣಿ ಹತ್ತಿ ನೋಡಿ ಬಂದಿದ್ದೇನೆ. ನೋಡಿಯೂ ಆ ಸಾಲು ಬರೆದೆನಲ್ಲ, ಅದೇ ನಾಚಿಕೆ. ಪಂಜರ ಅಂದ ಕೂಡಲೇ ಗಿಳಿಯ ಪಂಜರ ನೆನೆಯಬೇಡಿ. ನೀರಿನ ಮೇಲೆ ತೇಲುವ ದುಂಡನೆಯ ಚೌಕಟ್ಟು, ಸಾಮಾನ್ಯವಾಗಿ 6 ಮೀಟರ್ ಅಗಲ. ಅದರಿಂದ ಕೆಳಕ್ಕೆ ಚೀಲದ ಹಾಗೆ ಇಳಿಬಿಟ್ಟ ಬಲೆ. ಕಚ್ಚುವ ಮೀನು ಹತ್ತಿರ ಬಾರದಿರಲಿ ಅಂತ ಅದರ ಹೊರಗೆ ಇನ್ನೊಂದು ಬಲೆ. ತಳದಲ್ಲಿ ಕಲ್ಲು ತುಂಬಿದ ತಂತಿಯ ಪೆಟ್ಟಿಗೆ, ಅದೇ ಲಂಗರು. ನಮ್ಮ ದೇಶದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 2007ರಲ್ಲಿ ವಿಶಾಖಪಟ್ಟಣದ ಹತ್ತಿರ ತೆರೆದ ಸಮುದ್ರಕ್ಕೆ ಮೊದಲ ಪಂಜರ ಇಳಿಸಿದರು. ಅದು 15 ಮೀಟರ್ ಅಗಲದ್ದು. ಆಮೇಲೆ ಕಾರವಾರದಲ್ಲೂ ಶುರುವಾಯಿತು. ಸೀಬಾಸ್ ಸಾಕಿದರು, ಕೋಬಿಯಾ ಸಾಕಿದರು.

ನಾನು ಹೋದ ದಿನ ದೋಣಿಯವನು ಎರಡು ಬುಟ್ಟಿ ಕತ್ತರಿಸಿದ ತಾರ್ಲಿ ತಂದಿದ್ದ. ಮಂಗಳೂರಿನವರು ಬೂತಾಯಿ ಅನ್ನುತ್ತಾರಲ್ಲ, ಅದೇ. ಪಂಜರ ಇನ್ನೂ ಇಪ್ಪತ್ತು ಮಾರು ದೂರ ಇರುವಾಗಲೇ ನೀರು ಎಸರು ಕುದಿದ ಹಾಗೆ ಆಯಿತು. ಒಳಗೂ ಹೊರಗೂ. ದೋಣಿಯ ಸದ್ದಿಗೇ ಅವಕ್ಕೆ ಊಟದ ಹೊತ್ತು ಗೊತ್ತಾಗುತ್ತದೆ. ಒಳಗಿನವು ನುಂಗುವಷ್ಟು ನುಂಗಿದವು. ಉಳಿದ ಚೂರು ಬಲೆಯ ಕಣ್ಣಿನಿಂದ ಹೊರಗೆ ಜಾರಿತು. ಕೆಳಗೆ ಇಳಿಯುವ ಮೊದಲೇ ಹೊರಗಿನವು ಎತ್ತಿಕೊಂಡವು. ‘ಇವುಗಳದ್ದು ಪುಕ್ಕಟೆ ಊಟ ಸರ್, ಖರ್ಚು ಮಾತ್ರ ನಮ್ದು’ ಅಂದ ದೋಣಿಯವನು.

ದಾವಣಗೆರೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ನೋಡಿ. ಅಂಗಳದ ತುಂಬ ಗುಬ್ಬಿ, ಪಾರಿವಾಳ. ಭಟ್ಟಿಯವರೇನು ಅವುಗಳನ್ನು ಸಾಕಿಲ್ಲ. ಚೀಲ ತುಂಬುವಾಗ ಚೆಲ್ಲಿದ ಮಂಡಕ್ಕಿ ಅವುಗಳನ್ನು ಕರೆಯುತ್ತದೆ. ಗುಬ್ಬಿ ಬಂದ ಮೇಲೆ ಬೆಕ್ಕು ಬಂದು ಗೋಡೆ ಮೇಲೆ ಕೂರುತ್ತದೆ. ಪಂಜರದ ಸುತ್ತಲೂ ಇದೇ ಸಂಸಾರ. ಚೂರು ತಿನ್ನುವ ಸಣ್ಣ ಮೀನು, ಅದನ್ನು ತಿನ್ನಲು ಬರುವ ದೊಡ್ಡ ಮೀನು. ತಳದಲ್ಲಿ ಬಿದ್ದದ್ದನ್ನು ಕೆದಕುವ, ಚಪ್ಪಟೆ ಮೈಯ ತೊರಕೆ ಮೀನುಗಳು ಬೇರೆ.

ಆದರೆ ಊಟವೊಂದೇ ಕಾರಣ ಅಂತ ತಿಳಿಯಬೇಡಿ. ಬಯಲು ಸಮುದ್ರದಲ್ಲಿ ಒಂದು ಮರದ ದಿಮ್ಮಿ ತೇಲುತ್ತಿದ್ದರೂ ಅದರ ನೆರಳಿಗೆ ಮೀನು ಸೇರುತ್ತದೆ. ಯಾಕೆ ಸೇರುತ್ತದೆ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ, ಆದರೆ ಮೀನುಗಾರರು ಕಾದು ಕೂತಿಲ್ಲ. ಮಾಲ್ಟಾದವರು ತಾಳೆಗರಿ ಕಟ್ಟಿದ ತೆಪ್ಪ ತೇಲಿಬಿಟ್ಟು ಅದರ ಕೆಳಗೆ ಸೇರುವ ಲಂಪುಕಿ ಮೀನು ಹಿಡಿಯುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ ಬಿದಿರಿನ ತೆಪ್ಪ, ಅದಕ್ಕೆ ಪಯಾವ್ ಅನ್ನುತ್ತಾರೆ. ಪಂಜರವೂ ಹಾಗೇ ಒಂದು ತೆಪ್ಪ, ಊಟ ಬಡಿಸುವ ತೆಪ್ಪ. ಅದೂ ಅಲ್ಲದೆ ಬಲೆಗೆ ನಾಲ್ಕು ವಾರದಲ್ಲಿ ಪಾಚಿ ಹಿಡಿಯುತ್ತದೆ, ಪಚ್ಚಿಲೆ ಚಿಪ್ಪಿನ ಮರಿ ಅಂಟುತ್ತದೆ. ಅದನ್ನು ಮೇಯಲು ಇನ್ನಷ್ಟು ಮೀನು. ಪುಟ್ಟ ಮರಿಗಳು ಬಲೆಯ ಕಣ್ಣಿನಲ್ಲಿ ನುಸುಳಿ ಒಳಗೂ ಹೋಗುತ್ತವೆ. ಒಳಗೆ ತಿಂದು ದಪ್ಪವಾಗಿ, ಬಂದ ದಾರಿಯಲ್ಲೇ ವಾಪಸ್ ಬರಲಾಗದೆ ಅಲ್ಲೇ ಉಳಿಯುತ್ತವೆ. ಸೀಬಾಸ್ ಬಾಯಿಗೆ ಬೀಳದಿದ್ದರೆ.

ಎಷ್ಟು ಸೇರುತ್ತವೆ ಅನ್ನುವುದಕ್ಕೆ ಲೆಕ್ಕ ಇದೆ. ಟಿಮ್ ಡೆಂಪ್ಸ್ಟರ್ ಅನ್ನುವ ವಿಜ್ಞಾನಿ ಮತ್ತು ಜೊತೆಯವರು ಸ್ಪೇನಿನ ಆಗ್ನೇಯ ಕರಾವಳಿಯ 9 ಸಾಕಣೆ ಜಾಗಗಳಲ್ಲಿ ನೀರಿಗೆ ಇಳಿದು ಎಣಿಸಿದರು. 2002ರಲ್ಲಿ ಪ್ರಕಟಿಸಿದರು. ಪಂಜರದ ಪಕ್ಕ ಎಣಿಸಿದರು, 200 ಮೀಟರ್ ದೂರ ಹೋಗಿ ಖಾಲಿ ನೀರಲ್ಲೂ ಎಣಿಸಿದರು. ಪಂಜರದ ಪಕ್ಕ ಮೀನಿನ ಸಂಖ್ಯೆ ಕಡಿಮೆ ಅಂದರೆ 52 ಪಟ್ಟು, ಹೆಚ್ಚು ಅಂದರೆ 2837 ಪಟ್ಟು ಜಾಸ್ತಿ. ಬರೀ 200 ಮೀಟರ್ ಅಂತರಕ್ಕೆ! ಅಲ್ಲಿ ಸೇರುವವುಗಳಲ್ಲಿ ನಮ್ಮ ಬೂತಾಯಿಯ ದಾಯಾದಿಯೂ ಒಂದು, ಸಾರ್ಡಿನೆಲ್ಲಾ. ನಾರ್ವೆಯ ಸಾಲ್ಮನ್ ಪಂಜರಗಳ ಲೆಕ್ಕ ಬೇರೆ. ಅಲ್ಲಿ ಬೇಸಿಗೆಯಲ್ಲಿ ಒಂದೊಂದು ಸಾಕಣೆ ಜಾಗದ ಸುತ್ತ ಸರಾಸರಿ 10 ಟನ್ ಕಾಡು ಮೀನು ಇರುತ್ತದೆ ಅಂತ 2009ರಲ್ಲಿ ಅಂದಾಜು ಮಾಡಿದರು.

ಸರ್, ಪಂಜರ ಹಾಕಿದ್ದರಿಂದ ಸಮುದ್ರದಲ್ಲಿ ಮೀನು ಹೆಚ್ಚಾಗುತ್ತದೆ ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಕೊಡುತ್ತೀರಾ?
*ಬಿ.ಎಸ್ಸಿ. ವಿದ್ಯಾರ್ಥಿನಿ, ಚಿತ್ರದುರ್ಗ*

ಅರ್ಧ ಅಂಕ ಕೊಡುತ್ತೇನಮ್ಮಾ. ಉಳಿದ ಅರ್ಧಕ್ಕೆ ನಾಯಕನಹಟ್ಟಿಗೆ ಹೋಗಿ ಬರಬೇಕು.

ತಿಪ್ಪೇಸ್ವಾಮಿ ತೇರಿನ ದಿನ ನಾಯಕನಹಟ್ಟಿಯಲ್ಲಿ ನಿಂತು ಜನ ಎಣಿಸು. ಲಕ್ಷಗಟ್ಟಲೆ. ಮರುವಾರ ಮತ್ತೆ ಹೋಗಿ ಎಣಿಸು. ತೇರಿನ ದಿನ ಜಿಲ್ಲೆಯ ಜನಸಂಖ್ಯೆ ಹೆಚ್ಚಾಗಿತ್ತಾ? ಇಲ್ಲ. ಚಳ್ಳಕೆರೆಯಲ್ಲಿದ್ದವರು, ಜಗಳೂರಲ್ಲಿದ್ದವರು, ಬಳ್ಳಾರಿ ಕಡೆಯವರು ಒಂದೆಡೆ ಸೇರಿದ್ದರು. ಮೇಲಿನ 2837 ಪಟ್ಟು ಅನ್ನುವ ಅಂಕಿಯೂ ಹೀಗೇ ತೇರಿನ ದಿನದ ಎಣಿಕೆ. ಅಷ್ಟು ಮೀನು ಅಲ್ಲಿ ಕೂಡಿವೆ ಅನ್ನುವುದಕ್ಕೆ ಅದು ಸಾಕ್ಷಿ. ಅಷ್ಟು ಹೊಸದಾಗಿ ಹುಟ್ಟಿವೆ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ.

ತೇರು ಮುಗಿದ ಮೇಲೆ ಏನಾಗುತ್ತದೆ ಅಂತಲೂ ನೋಡಿದ್ದಾರೆ. ಕ್ಯಾನರಿ ದ್ವೀಪಗಳಲ್ಲಿ ಒಂದು ಕಡೆ ಸಾಕಣೆ ನಿಂತಿತು. ಹಿಂದೆಯೂ ಆಮೇಲೆಯೂ ಎಣಿಸಿ 2006ರಲ್ಲಿ ಬರೆದರು. ಚೂರು ತಿಂದು ಬದುಕುತ್ತಿದ್ದ ಬೋಗ್ ಅನ್ನುವ ಮೀನಿನ ದೊಡ್ಡ ಹಿಂಡು ಇಳಿದು ಹೋಯಿತು. ದೊಡ್ಡ ಬೇಟೆ ಮೀನು, ತೊರಕೆಗಳೂ ಕಡಿಮೆಯಾದವು. ಪಾಚಿ ಮೇಯುವವು, ತಳದ ಹುಳು ಹುಪ್ಪಟೆ ತಿನ್ನುವವು ಮಾತ್ರ ಹೆಚ್ಚು ಕಮ್ಮಿ ಇದ್ದ ಹಾಗೇ ಇದ್ದವು. ಅಂದರೆ ಊಟಕ್ಕೆ ಬಂದವರು ಹೊರಟರು, ಊರಿನವರು ಉಳಿದರು.

ನಾನೂ ಒಂದು ಸಣ್ಣ ಪ್ರಯೋಗ ಮಾಡಿದ್ದೆ. ನಿವೃತ್ತಿಯಾದ ಹೊಸತು, ಬೆಳಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್. ದಿನಾ ಒಂದೇ ಮೆಟ್ಟಿಲ ಹತ್ತಿರ ಒಂದು ಹಿಡಿ ಮಂಡಕ್ಕಿ ಹಾಕಿದೆ. ಮೊದಲ ದಿನ ಮೂರೋ ನಾಲ್ಕೋ ಬಾಯಿ ಕಂಡವು. ಆರನೇ ದಿನಕ್ಕೆ ನನ್ನ ಕಾಲಿನ ನೆರಳು ಬಿದ್ದರೆ ಸಾಕು, ನೀರು ಕಪ್ಪಾಗುವಷ್ಟು ಬಂದವು. ಒಂಬತ್ತನೇ ದಿನ ಕಾವಲುಗಾರ ನೋಡಿ, ‘ಊರಿಗೆ ಕುಡಿಯೋ ನೀರು ಸ್ವಾಮಿ ಇದು, ಓದಿದವರೇ ಹಿಂಗೆ ಮಾಡಿದರೆ ಹೆಂಗೆ’ ಅಂತ ಗದರಿದ. ನ್ಯಾಯ ಅವನ ಕಡೆಯೇ ಇತ್ತು. ನಿಲ್ಲಿಸಿದೆ. ನಾಲ್ಕೇ ದಿನಕ್ಕೆ ಮೆಟ್ಟಿಲ ಹತ್ತಿರ ಮತ್ತೆ ಖಾಲಿ ನೀರು. ಕೆರೆಯಲ್ಲಿ ಮೀನು ಹೆಚ್ಚಾಗಲೂ ಇಲ್ಲ, ಕಮ್ಮಿಯಾಗಲೂ ಇಲ್ಲ. ನನ್ನ ಮೆಟ್ಟಿಲಿಗೆ ಬಂದು ಹೋದವು, ಅಷ್ಟೇ.

ಇದರಲ್ಲಿ ಭಯದ ವಿಷಯ ಒಂದಿದೆ. ಗುಂಪು ಕೂಡಿದ ಜಾಗಕ್ಕೆ ಬಲೆ ಬಂದರೆ ಹಿಡಿಯುವುದು ಸಲೀಸು. ನಮ್ಮ ಕರಾವಳಿಯಲ್ಲೇ ನೋಡು. ತೆಂಗಿನ ಹೊಂಬಾಳೆ ಕಟ್ಟುಗಳನ್ನು ಸಮುದ್ರಕ್ಕೆ ಇಳಿಸಿ ಕಪ್ಪೆ ಬೊಂಡಾಸ್, ಅಂದರೆ ಕಟ್ಲ್‌ಫಿಶ್ ಅನ್ನುವ ಕಡಲಜೀವಿ, ಹಿಡಿಯುವ ಪದ್ಧತಿ ಬಂತು. ಬೊಂಡಾಸ್ ಮೊಟ್ಟೆ ಇಡಲು ಜಾಗ ಹುಡುಕಿ ಆ ಕಟ್ಟಿಗೆ ಬರುತ್ತದೆ. ಬಂದದ್ದನ್ನು ಗಾಳ ಹಾಕಿ ಎತ್ತುತ್ತಾರೆ. ಮೊಟ್ಟೆ ಇಡಲು ಬಂದ ತಾಯಿಯನ್ನೇ ಹಿಡಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ ಅಂತ ಟ್ರಾಲರ್‌ನವರು ಗಲಾಟೆ ಮಾಡಿದರು. ಬಲೆ ಎಳೆದು ಸಮುದ್ರದ ತಳವನ್ನೇ ಗುಡಿಸುವ ಟ್ರಾಲರ್‌ನವರ ಬಾಯಲ್ಲಿ ಈ ಮಾತು ಕೇಳಿ ನನಗೆ ನಗು ಬಂದಿತ್ತು, ಅದಿರಲಿ.

ಇನ್ನೊಂದು ಮಗ್ಗಲೂ ಇದೆ, ಅದಕ್ಕೇ ಪೂರ್ತಿ ಸೊನ್ನೆ ಕೊಡದೆ ಅರ್ಧ ಅಂಕ. ನಾರ್ವೆಯಲ್ಲಿ ಪಂಜರದ ಸುತ್ತ ಇದ್ದ ಕಾಡ್ (cod), ಸೇಥ್ ಅನ್ನುವ ಎರಡು ಜಾತಿಯ ಮೀನುಗಳನ್ನು ಹಿಡಿದು ದೂರದವುಗಳ ಜೊತೆ ಹೋಲಿಸಿದರು. ಪಂಜರದ ಹತ್ತಿರದವು ಪುಷ್ಟಿಯಾಗಿದ್ದವು. ಪುಷ್ಟಿಯಾದ ಮೀನು ಮೊಟ್ಟೆ ಜಾಸ್ತಿ ಇಡಬಹುದು. ಹಾಗಾದರೆ ಬಲೆ ಬೀಳದಂತೆ ಕಾದರೆ ಅಲ್ಲಿಂದ ಸಮುದ್ರಕ್ಕೆ ಮೀನು ಸೇರಲೂಬಹುದು ಅಂತ ಅದೇ ಡೆಂಪ್ಸ್ಟರ್ ತಂಡ 2011ರಲ್ಲಿ ವಾದಿಸಿತು. ನಾರ್ವೆಯಲ್ಲಿ ಸಾಕಣೆ ಜಾಗದಿಂದ 100 ಮೀಟರ್ ಒಳಗೆ ಮೀನು ಹಿಡಿಯುವಂತಿಲ್ಲ. ಆದರೆ ಮೀನು ಅಲ್ಲೇ ಕೂರುವುದಿಲ್ಲವಲ್ಲ! ಸದ್ದು ಹೊರಡಿಸುವ ಪುಟ್ಟ ಯಂತ್ರವನ್ನು ಸೇಥ್ ಮೀನಿನ ಹೊಟ್ಟೆಯಲ್ಲಿ ಇಟ್ಟು ಬಿಟ್ಟಾಗ ಗೊತ್ತಾಯಿತು, ಒಂದೇ ಮೀನು ಕೆಲವು ಕಿಲೋಮೀಟರ್ ಆಚೆಯ ಇನ್ನೊಂದು ಪಂಜರಕ್ಕೂ ಹೋಗಿ ಬರುತ್ತದೆ. ದಾರಿಯಲ್ಲಿ ಬಲೆ ಕಾಯುತ್ತಿರುತ್ತದೆ.

ಈಗ ಉತ್ತರವನ್ನು ಮತ್ತೆ ಬರೆದು ನೋಡು. ‘ಪಂಜರದ ಸುತ್ತ ಮೀನು ಕೂಡುತ್ತದೆ. ಆ ಗುಂಪನ್ನು ಹಿಡಿಯದೆ ಬಿಟ್ಟರೆ ಮಾತ್ರ ಹೆಚ್ಚಾಗಬಹುದು.’ ಇದಕ್ಕೆ ಪೂರ್ತಿ ಅಂಕ.

ನಾನು ಮೀನು ಮಾರೋಳು. ರಾತ್ರಿ ಮಂಗಳೂರು ಕಡೆಯಿಂದ ಐಸ್ ಗಾಡಿ ಬರುತ್ತೆ. ಪಂಜರದ ಹತ್ತಿರ ತಿಂದು ಬೆಳೆದ ಮೀನು ಮೆತ್ತಗಿರುತ್ತೆ, ರುಚಿ ಇರಲ್ಲ ಅಂತ ಗಿರಾಕಿ ಒಬ್ಬರು ಬಂಗುಡೆ ವಾಪಸ್ ತಂದು ಜಗಳ ತೆಗೆದರು. ನಿಮ್ಮ ಪುಟ ತೋರಿಸಿದರು. ನಿಜವಾ ಮೇಷ್ಟ್ರೇ?
*ಮೀನು ಅಂಗಡಿಯವರು, ದಾವಣಗೆರೆ*

ಅಯ್ಯೋ ತಾಯಿ, ನನ್ನ ಪುಟದಿಂದ ನಿಮ್ಮ ವ್ಯಾಪಾರಕ್ಕೆ ಪೆಟ್ಟು ಬಿತ್ತಲ್ಲ, ಕ್ಷಮಿಸಿ.

ನಿಮ್ಮ ಗಿರಾಕಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅದು ನಾರ್ವೆಯ ಮಾತು. ಅಲ್ಲಿನ ಮೀನುಗಾರರೇ ದೂರಿದ್ದಾರೆ: ಸಾಲ್ಮನ್ ಪಂಜರದ ಸುತ್ತ ಮೇಯುವ ಸೇಥ್ ಮೀನಿನ ಮಾಂಸ ಮೆತ್ತಗೆ, ಬಿಗಿ ಇಲ್ಲ ಅಂತ. ಸೇಥ್ ಬಡ ಮೈಯಿನ ಮೀನು, ಕೊಬ್ಬನ್ನೆಲ್ಲ ಈಲಿಯಲ್ಲಿ ಕೂಡಿಡುತ್ತದೆ. ಸಮುದ್ರದಲ್ಲಿ ಓಡಾಡಿ ಬೇಟೆಯಾಡಬೇಕಾದದ್ದು ಸಾಲ್ಮನ್‌ಗೆ ಹಾಕುವ ಎಣ್ಣೆ ಗುಳಿಗೆಗಳನ್ನು ಕೂತಲ್ಲೇ ತಿಂದರೆ ಏನಾಗುತ್ತದೆ? ಈಲಿ ಊದಿ ಕೊಬ್ಬು ತುಂಬಿತ್ತು. ನಿವೃತ್ತಿಯಾದ ಮೇಲೆ ದಿನಾ ಬೆಣ್ಣೆ ದೋಸೆ ತಿಂದವನ ಕಥೆ ಇದ್ದ ಹಾಗೆ. ನನಗೆ ಡಾಕ್ಟರ್ ಹೇಳಿದ್ದೂ ಇದನ್ನೇ.

ನಾರ್ವೆಯ ಕರಾವಳಿ ಉದ್ದಕ್ಕೂ ಇಂಥ ಸಾಕಣೆ ಜಾಗಗಳು ನೂರಾರು. ನಮ್ಮ ಕಡಲಿನಲ್ಲಿ ಅಲ್ಲೊಂದು ಇಲ್ಲೊಂದು. ನಿಮ್ಮ ಬುಟ್ಟಿಗೆ ಬರುವ ಬಂಗುಡೆ ದೊಡ್ಡ ಸಮುದ್ರದಲ್ಲಿ ಹಿಂಡು ಹಿಂಡಾಗಿ ಓಡಾಡುವ ಮೀನು. ಪಂಜರದ ಊಟ ಉಂಡು ಮೆತ್ತಗಾಯಿತು ಅನ್ನುವುದಕ್ಕೆ ಆಧಾರ ಇಲ್ಲ. ಬಂಗುಡೆ ಮೆತ್ತಗಾಗುವುದು ಐಸ್ ಸಾಲದೆ. ಘಾಟಿ ಹತ್ತಿ ಬರುವ ಹೊತ್ತಿಗೆ ಐಸ್ ಕರಗಿದ್ದರೆ ಆಯಿತು ಕಥೆ. ಗಿರಾಕಿಗೆ ನೀವೇ ಕಿವಿರು ಎತ್ತಿ ತೋರಿಸಿ. ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಗುಳಿ ಉಳಿದರೆ ಗಾಡಿಯವನ ಹತ್ತಿರ ನೀವೂ ಜಗಳ ತೆಗೆಯಿರಿ.

ಶಾರ್ಕ್ ಬರುತ್ತವಾ?
*ಹೆಸರು ಬರೆದಿಲ್ಲ, ಹರಿಹರದ ಅಂಚೆ ಮುದ್ರೆ ಇದೆ*

ಕೆಲವು ದೇಶಗಳಲ್ಲಿ ಬರುತ್ತವೆ. ಮೆಡಿಟರೇನಿಯನ್ ಕಡೆ ಡಾಲ್ಫಿನ್ ಬರುತ್ತವೆ, ಟ್ಯೂನಾ ಬರುತ್ತವೆ. ಬ್ಲೂಫಿಶ್ ಅನ್ನುವ ಒಂದು ಕಡುಹಲ್ಲಿನ ಮೀನು ಬಲೆ ಕತ್ತರಿಸಿ ಒಳಗೇ ನುಗ್ಗಿ ದಾಂಧಲೆ ಮಾಡುತ್ತದೆ. ಎರಡು ಬಲೆ ಯಾಕೆ ಅಂತ ಈಗ ಗೊತ್ತಾಯಿತಲ್ಲ?

ನಾವು ಮೀನು ಮುಟ್ಟುವವರಲ್ಲ. ನಿಮ್ಮ ಪುಟವನ್ನು ಸುಮ್ನೆ ಓದುತ್ತೇನೆ. ಬಯಲುಸೀಮೆಯವರಿಗೆ ಈ ಸಮುದ್ರದ ಪುರಾಣದಿಂದ ಏನು ಲಾಭ?
*ಮೆಕ್ಕೆಜೋಳದ ವ್ಯಾಪಾರಿ, ಎ.ಪಿ.ಎಂ.ಸಿ. ಯಾರ್ಡ್, ದಾವಣಗೆರೆ*

ಪ್ರಶ್ನೆ ಕೇಳಿದ್ದು ಯಾರು ಅಂತ ನೋಡಿಕೊಳ್ಳಿ! ಮೆಕ್ಕೆಜೋಳ ಮಾರುವವರು ಮೀನಿಗೂ ನಮಗೂ ಏನು ಸಂಬಂಧ ಅಂತ ಕೇಳಬಹುದೇ?

ಸಾಕಿದ ಮೀನಿಗೆ ಮೊದಲೆಲ್ಲ ಮೀನನ್ನೇ ಅರೆದು ಹಾಕುತ್ತಿದ್ದರು. ನಾರ್ವೆಯ ಸಾಲ್ಮನ್ ಆಹಾರದಲ್ಲಿ 1990ರಲ್ಲಿ ನೂರಕ್ಕೆ ಸುಮಾರು 90 ಭಾಗ ಸಮುದ್ರದಿಂದಲೇ ಬಂದದ್ದು. 2013ರ ಹೊತ್ತಿಗೆ ಅದು ಸುಮಾರು 30 ಭಾಗಕ್ಕೆ ಇಳಿಯಿತು. ಉಳಿದದ್ದು ಹೊಲದ್ದು. ಸೋಯಾ ಹಿಂಡಿ, ಗೋಧಿಯ ಅಂಟು, ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆ. ಮೀನಿನ ಆಹಾರಕ್ಕೆ ಮೆಕ್ಕೆಜೋಳದ ಅಂಟನ್ನೂ ಬಳಸುತ್ತಾರೆ.

ಇದರಿಂದ ಒಂದು ವಿಚಿತ್ರ ಆಯಿತು. ಸೋಯಾ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಅಂತ ಇರುತ್ತದೆ. ಸಮುದ್ರದ ಊಟದಲ್ಲಿ ಅದು ತೀರಾ ಕಮ್ಮಿ. ಪಂಜರದ ಹೊರಗೆ ಹಿಡಿದ ಕಾಡು ಮೀನಿನ ಮೈಯಲ್ಲಿ ಈ ಹೊಲದ ಕೊಬ್ಬು ಸಿಕ್ಕಿತು. ನೇಗಿಲನ್ನೇ ಕಾಣದ ಮೀನು! ಈ ಮೀನು ಪಂಜರದ ಹತ್ತಿರ ಉಂಡಿದೆಯೋ ಇಲ್ಲವೋ ಅಂತ ಪತ್ತೆ ಹಚ್ಚಲು ವಿಜ್ಞಾನಿಗಳು ಇದನ್ನೇ ಗುರುತಾಗಿ ಬಳಸುತ್ತಾರೆ. ಬೆಲ್ಲ ಕದ್ದವನ ಮೂತಿ ನೋಡಿ ಗೊತ್ತು ಹಿಡಿದ ಹಾಗೆ.

ವಾಣಿವಿಲಾಸ ಸಾಗರದಲ್ಲಿ ನಮ್ಮ ಮಾವ ಬಲೆ ಬಿಡುತ್ತಾರೆ. ಜಲಾಶಯಗಳಲ್ಲೂ ಪಂಜರ ಹಾಕಲು ಸರ್ಕಾರ ಸಹಾಯಧನ ಕೊಡುತ್ತದೆ ಅಂತ ಕೇಳಿದ್ದೇವೆ. ಇಲ್ಲಿ ಹಾಕಿದರೆ ಡ್ಯಾಮಿನ ಮೀನೆಲ್ಲ ಪಂಜರದ ಹತ್ತಿರ ಹೋಗಿಬಿಡುತ್ತವಾ? ಬಲೆ ಬಿಡುವವರ ಗತಿ ಏನು ಸರ್?
*ಹಿರಿಯೂರಿನ ಯುವಕರು*

ಒಳ್ಳೇ ಪ್ರಶ್ನೆ ತಮ್ಮಾ. ಈ ಕಂತೆಯಲ್ಲಿ ನನ್ನನ್ನು ಎರಡು ದಿನ ಕೂರಿಸಿದ ಪತ್ರ ನಿನ್ನದೇ.

ಸಹಾಯಧನ ಇರುವುದು ನಿಜ. 2020ರಲ್ಲಿ ಬಂದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಮುದ್ರದ ಪಂಜರಕ್ಕೂ ಜಲಾಶಯದ ಪಂಜರಕ್ಕೂ ಅವಕಾಶ ಕೊಟ್ಟಿದ್ದಾರೆ. ಸಿಹಿನೀರಿನಲ್ಲೂ ಮೀನು ಪಂಜರದ ಸುತ್ತ ಕೂಡುತ್ತವೆ. ಬ್ರೆಜಿಲ್‌ನ ಪರಾನಪನೇಮಾ ನದಿಯ ಜಲಾಶಯದಲ್ಲಿ ತಿಲಾಪಿಯಾ ಪಂಜರದ ಹತ್ತಿರ ಹಿಡಿದ ಕಾಡು ಮೀನಿನ ಹೊಟ್ಟೆ ಬಗೆದರೆ ಪಂಜರದ ಗುಳಿಗೆಯೇ ಸಿಕ್ಕಿತು. ಹಾಗಾಗಿ ಮಾರಿಕಣಿವೆಯಲ್ಲಿ, ಅಂದರೆ ನಿಮ್ಮ ವಾಣಿವಿಲಾಸ ಸಾಗರದಲ್ಲಿ, ಪಂಜರ ಬಂದರೆ ಗೆಂಡೆ, ಜಿಲೇಬಿ ಮೀನುಗಳು ಅದರ ಸುತ್ತ ಸುಳಿಯುವುದರಲ್ಲಿ ಅನುಮಾನ ಇಲ್ಲ. ಎಲ್ಲವೂ ಹೋಗುವುದಿಲ್ಲ. ಗುಳಿಗೆ ತಿನ್ನುವ ಬಾಯಿ ಇರುವವು ಹೋಗುತ್ತವೆ.

ನನ್ನ ಚಿಂತೆ ಬೇರೆ ಎರಡು. ಸಮುದ್ರದಲ್ಲಿ ಉಬ್ಬರ ಇಳಿತ ಇದೆ, ನೀರಿನ ಸೆಳೆತ ಇದೆ. ತಿನ್ನದೆ ಉಳಿದದ್ದು, ಮೀನಿನ ಹಿಕ್ಕೆ, ಎಲ್ಲ ಚದುರುತ್ತದೆ. ಸುತ್ತ ಕೂಡಿದ ಕಾಡು ಮೀನೂ ಸ್ವಲ್ಪ ಸ್ವಚ್ಛ ಮಾಡುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕೆಲವು ಪಂಜರಗಳ ಸುತ್ತ ಬೇಲಿ ಬಲೆ ಕಟ್ಟಿ ಕಾಡು ಮೀನನ್ನು ದೂರ ಇಟ್ಟರು, ಕೆಲವಕ್ಕೆ ಬಿಟ್ಟರು. ಬಿಟ್ಟ ಕಡೆ, ತಳಕ್ಕೆ ಬೀಳಬೇಕಿದ್ದ ಸಾರದಲ್ಲಿ ನೂರಕ್ಕೆ 40ರಿಂದ 60 ಭಾಗವನ್ನು ಮೀನುಗಳು ತಿಂದು ಮುಗಿಸಿದ್ದವು. ನಮ್ಮ ಡ್ಯಾಮು ಹಾಗಲ್ಲ. 1907ರಲ್ಲಿ ಕಟ್ಟಿ ಮುಗಿಸಿದ್ದು, ತುಂಬಿದರೆ 130 ಅಡಿ. ಆದರೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ವರೆಗೆ 89 ವರ್ಷ ಕಾಯಬೇಕಾಯಿತು. ನೀರು ಇಳಿದ ವರ್ಷ ಪಂಜರದ ಕೆಳಗೆ ಆಳ ಇರುವುದಿಲ್ಲ. ತಳದಲ್ಲಿ ಕೊಳೆತದ್ದು ನೀರಿನ ಉಸಿರನ್ನೇ ತಿನ್ನುತ್ತದೆ. ಆಗ ಪಂಜರದ ಮೀನೂ ಹೊರಗಿನ ಮೀನೂ ಒಟ್ಟಿಗೇ ಮೇಲೆ ಬಂದು ಬಾಯಿ ಬಿಡುತ್ತವೆ.

ಎರಡನೆಯದು, ನನ್ನ ಆ ತಪ್ಪು ಸಾಲು ಇಲ್ಲಿ ಸರಿಯಾಗಿಬಿಡುವ ಅಪಾಯ. ಜಲಾಶಯದ ಪಂಜರಗಳಲ್ಲಿ ಸಾಕುವುದು ಹೆಚ್ಚಾಗಿ ಪಂಗಾಸಿಯಸ್, ಇಲ್ಲವೇ ಗಿಫ್ಟ್ ಅನ್ನುವ ಸುಧಾರಿತ ತಳಿಯ ತಿಲಾಪಿಯಾ. ತಿಲಾಪಿಯಾ ತಪ್ಪಿಸಿಕೊಂಡರೆ ಸುಮ್ನೆ ಇರುವ ಮೀನಲ್ಲ. ಅದರ ಬಂಧುವೇ ನಾವು ಜಿಲೇಬಿ ಅನ್ನುವುದು. 1952ರಲ್ಲಿ ಹೊರಗಿನಿಂದ ತಂದದ್ದು, ಈಗ ಯಾವ ಕೆರೆಗೆ ಬಲೆ ಹಾಕಿದರೂ ಅದೇ.

ಬಲೆ ಬಿಡುವವರ ಗತಿ ಏನು ಅಂದೆ. ಪಂಜರದವರು ಸುತ್ತ ಇಷ್ಟು ಮೀಟರ್ ಯಾರೂ ಬರಬಾರದು ಅಂತ ಗೆರೆ ಎಳೆಯುವುದು ಖಂಡಿತ. ಕೂಡಿದ ಮೀನು ಆ ಗೆರೆಯ ಒಳಗಿರುತ್ತದೆ. ನಿಮ್ಮ ಮಾವ ಗೆರೆಯ ಹೊರಗಿರುತ್ತಾರೆ. ಆದ್ದರಿಂದ ಪಂಜರ ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಅಂತ ಮಾತು ಶುರುವಾಗುವ ದಿನವೇ ನಿಮ್ಮ ಸಂಘದವರು ಹೋಗಿ ಕೂರಬೇಕು. ಮರಿ ಮಾಡುವ ಜಾಗ, ಬಲೆ ಎಳೆಯುವ ಜಾಗ ಯಾವುದು ಅಂತ ನಕ್ಷೆ ಮೇಲೆ ಬೆರಳಿಟ್ಟು ತೋರಿಸಬೇಕು. ಅದು ನಿಮ್ಮ ಮಾವನಿಗೆ ಗೊತ್ತಿರುವಷ್ಟು ಯಾವ ಮೇಷ್ಟ್ರಿಗೂ ಗೊತ್ತಿರುವುದಿಲ್ಲ.

ತಾತಾ, ನೀರಿನ ಒಳಗೆ ಮೀನು ಓಡಾಡುತ್ತಾ ಇರುತ್ತವೆ. ಎಣಿಸಿದ್ದನ್ನೇ ಮತ್ತೆ ಎಣಿಸಿದರೆ? ಹೇಗೆ ಲೆಕ್ಕ ಹಾಕುತ್ತಾರೆ?
*7ನೇ ತರಗತಿ, ಚನ್ನಗಿರಿ*

ಪುಟ್ಟಾ, ನಿನ್ನ ಪ್ರಶ್ನೆಯನ್ನು ದೊಡ್ಡವರು ಯಾರೂ ಕೇಳಲಿಲ್ಲ ನೋಡು. 2837 ಅಂದ ಕೂಡಲೇ ನಂಬಿಬಿಟ್ಟರು.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುತ್ತಾರೆ. ಕೈಯಲ್ಲಿ ನೀರಿಗೆ ಹಾಳಾಗದ ಹಲಗೆ, ಪೆನ್ಸಿಲ್. ಐದು ನಿಮಿಷ ಅಂತ ಹೊತ್ತು ಗೊತ್ತು ಮಾಡಿಕೊಂಡು, ಅಷ್ಟರಲ್ಲಿ ಕಂಡದ್ದನ್ನು ಬರೆಯುತ್ತಾರೆ. ಒಂದೊಂದೇ ಎಣಿಸಲು ಆಗುವುದಿಲ್ಲ. ಹತ್ತರ ಗುಂಪು, ಐವತ್ತರ ಗುಂಪು, ನೂರರ ಗುಂಪು ಅಂತ ಕಣ್ಣಳತೆ ಕಲಿತಿರುತ್ತಾರೆ. ನೀನು ಹೇಳಿದ ಹಾಗೆ ಎಣಿಸಿದ್ದೇ ಮತ್ತೆ ಬರುವುದು ಉಂಟು. ಅದಕ್ಕೇ ಹೊತ್ತು ಕಮ್ಮಿ ಇಟ್ಟುಕೊಳ್ಳುತ್ತಾರೆ, ಹಲವು ಸಲ ಮುಳುಗುತ್ತಾರೆ. ಪಂಜರದ ಹತ್ತಿರ ಎಷ್ಟು ತಪ್ಪುತ್ತಾರೋ ದೂರದಲ್ಲೂ ಹಾಗೇ ತಪ್ಪುತ್ತಾರೆ, ಆದ್ದರಿಂದ ಎರಡನ್ನೂ ಹೋಲಿಸಬಹುದು. ನಾರ್ವೆಯ ತಣ್ಣೀರಿನಲ್ಲಿ ಕ್ಯಾಮೆರಾ ಇಳಿಸಿ, ಮೇಲೆ ಬಂದು ಚಿತ್ರ ನಿಲ್ಲಿಸಿ ನಿಲ್ಲಿಸಿ ಎಣಿಸಿದ್ದಾರೆ.

ನಿಮ್ಮೂರಿನ ಹತ್ತಿರವೇ ಸೂಳೆಕೆರೆ ಇದೆಯಲ್ಲ. ಅಪ್ಪನ ಜೊತೆ ಹೋಗು. ನೀರಿಗೆ ಇಳಿಯಬೇಡ, ಏರಿ ಮೇಲೆ ನಿಲ್ಲು. ಕೊಕ್ಕರೆಗಳನ್ನು ಐದು ನಿಮಿಷ ಎಣಿಸು. ಅಪ್ಪನೂ ಬೇರೆಯಾಗಿ ಎಣಿಸಲಿ, ನಿನ್ನ ಲೆಕ್ಕ ತೋರಿಸಬೇಡ. ಎರಡೂ ಅಂಕಿ ಬರೆದು ನನಗೆ ಕಳಿಸು. ಯಾರದ್ದು ಎಷ್ಟು ತಪ್ಪಿತು ಅಂತ ಮುಂದಿನ ಸಂಚಿಕೆಯಲ್ಲಿ ನೋಡೋಣ.